ಇದ್ದು, ಇದ್ದೂ



ನಾನು ವೃತ್ತಿಯಿಂದ ಕನ್ನಡದ ಅಧ್ಯಾಪಕ. ಕನ್ನಡದ ಮೇಷ್ಟರು ಇಂಗ್ಲಿಷ್ ವಾಕ್ಯರಚನೆಯ ವಿಷಯವಾಗಿ ಮಾತನಾಡಲು ಹೊರಟರೆ ಕೆಲವರು ಹುಬ್ಬೇರಿಸಬಹುದು. ಆದರೆ ನೆರೆಮನೆಯ ಅಂಗಳದಲ್ಲಿ ನಿಂತು ನೋಡಿದಾಗಲೇ ನಮ್ಮ ಮನೆಯ ಮಾಡು ಸರಿಯಾಗಿ ಕಾಣಿಸುವುದು. ಅಲ್ಲದೆ ಈ ವಿಷಯಕ್ಕೆ ನಾನು ಬಂದದ್ದು ಪಾಂಡಿತ್ಯದ ದಾರಿಯಿಂದಲ್ಲ, ಒಂದು ತಪ್ಪಿನ ದಾರಿಯಿಂದ. ಆ ತಪ್ಪನ್ನು ಮೊದಲೇ ಹೇಳಿಬಿಡುವುದು ಲೇಸು.

ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ಆಗತಾನೆ ಪದವಿ ಮುಗಿಸಿದ್ದ ನನ್ನ ವಿದ್ಯಾರ್ಥಿಯೊಬ್ಬ ಗುಮಾಸ್ತರ ಹುದ್ದೆಗೆ ಅರ್ಜಿ ಹಾಕಿದ್ದ. ಅವನ ತಂದೆ ಅನ್ಯರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರು. ಹುಡುಗ ಒಂದು ದಿನ ಸಂಜೆ ಮನೆಗೆ ಬಂದು ನಡತೆಯ ಬಗ್ಗೆ ಒಂದು ಪತ್ರ ಬೇಕೆಂದು ಕೇಳಿದ. ಅದು ಇಂಗ್ಲಿಷಿನಲ್ಲಿಯೇ ಇರಬೇಕಾಗಿತ್ತು. ನಾನು ಉತ್ಸಾಹದಿಂದ ಬರೆದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ‘ದೋ ಕಮಿಂಗ್ ಫ್ರಮ್ ಎ ಪೂರ್ ಫ್ಯಾಮಿಲಿ, ಹೀ ಈಸ್ ಆನೆಸ್ಟ್.’ ಬಡ ಕುಟುಂಬದಿಂದ ಬಂದವನಾದರೂ ಈತ ಪ್ರಾಮಾಣಿಕ, ಎಂದು ತಾತ್ಪರ್ಯ. ಕನ್ನಡದವನಾದರೂ ಎಷ್ಟು ಅಚ್ಚುಕಟ್ಟಾದ ಇಂಗ್ಲಿಷ್ ಬರೆದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಹುಡುಗ ಪತ್ರವನ್ನು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ತಲೆ ತಗ್ಗಿಸಿಕೊಂಡೇ, “ಸಾರ್, ಬೇಸರ ಮಾಡಿಕೊಳ್ಳಬೇಡಿ. ಬಡವರ ಮನೆಯಲ್ಲಿ ಪ್ರಾಮಾಣಿಕರು ಇರುವುದಿಲ್ಲವೆ?” ಎಂದು ಕೇಳಿದ.

ಅವನ ಪ್ರಶ್ನೆಗೆ ಆ ಕ್ಷಣದಲ್ಲಿ ನನ್ನಲ್ಲಿ ಉತ್ತರವಿರಲಿಲ್ಲ. ವಾಕ್ಯದಲ್ಲಿ ವ್ಯಾಕರಣದ ದೋಷವೇನೂ ಇರಲಿಲ್ಲ. ಹಾಗಾದರೆ ದೋಷ ಎಲ್ಲಿತ್ತು? ಅದನ್ನು ತಿಳಿಯಬೇಕಾದರೆ ಇಂಥ ಪದಪುಂಜಗಳ ಸ್ವಭಾವವನ್ನು ಸ್ವಲ್ಪ ಪರಿಶೀಲಿಸಬೇಕು.

ಕನ್ನಡದಲ್ಲಿ ‘ಮಾಡಿ’, ‘ಮಾಡುತ್ತ’, ‘ಮಾಡದೆ’ ಎಂಬ ರೂಪಗಳಿವೆ. ಇವನ್ನು ಕೃದಂತಾವ್ಯಯಗಳೆಂದು ಕರೆಯುತ್ತೇವೆ. ಇವು ತಾವಾಗಿ ನಿಲ್ಲಲಾರವು. ಮುಂದೆ ಬರುವ ಪೂರ್ಣ ಕ್ರಿಯಾಪದವನ್ನು ಆಶ್ರಯಿಸುತ್ತವೆ. ಇಂಗ್ಲಿಷಿನಲ್ಲಿ ಇದೇ ಬಗೆಯ ಕೆಲಸವನ್ನು ‘ಇಂಗ್’ ಎಂದು ಮುಗಿಯುವ ಪಾರ್ಟಿಸಿಪಲ್ ರೂಪಗಳು ಮಾಡುತ್ತವೆ. ಆದರೆ ಅಲ್ಲಿ ಒಂದು ವಿಶೇಷವುಂಟು. ಇಂಗ್ಲಿಷಿನ ಪಾರ್ಟಿಸಿಪಲ್ಲು ಒಂದು ರೀತಿಯಲ್ಲಿ ಮೂಕ. ಮುಖ್ಯವಾಕ್ಯದೊಂದಿಗೆ ತನಗೆ ಏನು ಸಂಬಂಧವೆಂಬುದನ್ನು ಅದು ಬಾಯಿಬಿಟ್ಟು ಹೇಳುವುದಿಲ್ಲ. ಎರಡು ವಾಕ್ಯಗಳನ್ನು ಕೇಳಿ: ‘ಲಿವಿಂಗ್ ಇನ್ ಮೈಸೂರ್, ಹೀ ನೋಸ್ ದಿ ಪ್ಯಾಲೇಸ್ ವೆಲ್.’ ‘ಲಿವಿಂಗ್ ಇನ್ ಮೈಸೂರ್, ಹೀ ಹ್ಯಾಸ್ ನೆವರ್ ಸೀನ್ ದಿ ಪ್ಯಾಲೇಸ್.’ ಮೊದಲನೆಯದರಲ್ಲಿ ಮೈಸೂರಿನ ವಾಸ ಅರಮನೆಯ ಪರಿಚಯಕ್ಕೆ ಕಾರಣ. ಎರಡನೆಯದರಲ್ಲಿ ಅದೇ ವಾಸಕ್ಕೂ ಅರಮನೆಯನ್ನು ಕಾಣದಿರುವುದಕ್ಕೂ ವಿರೋಧ. ಪದಪುಂಜ ಮಾತ್ರ ಒಂದೇ. ಕಾರಣವೋ ವಿರೋಧವೋ ಎಂಬುದನ್ನು ಓದುಗ ತಾನೇ ಊಹಿಸಿಕೊಳ್ಳಬೇಕು.

ಇದನ್ನೇ ಕನ್ನಡದಲ್ಲಿ ಹೇಳಿ ನೋಡೋಣ. ‘ಮೈಸೂರಿನಲ್ಲಿದ್ದು ಅರಮನೆಯನ್ನು ಬಲ್ಲ.’ ‘ಮೈಸೂರಿನಲ್ಲಿದ್ದೂ ಅರಮನೆಯನ್ನು ಕಂಡಿಲ್ಲ.’ ಇದ್ದು, ಇದ್ದೂ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒಂದೇ ಒಂದು ಮಾತ್ರೆಯ ವ್ಯತ್ಯಾಸದಲ್ಲಿ ಕಾರಣ ಹೋಗಿ ವಿರೋಧ ಬಂದು ಕುಳಿತಿತು! ‘ರಾಮನೂ ಲಕ್ಷ್ಮಣನೂ’ ಎಂದು ಇಬ್ಬರನ್ನು ಕೂಡಿಸುವ ಆ ‘ಊ’ಕಾರವೇ ಇಲ್ಲಿ ಎರಡು ಸಂಗತಿಗಳನ್ನು ಎದುರುಬದುರು ನಿಲ್ಲಿಸುತ್ತದೆ. ‘ಓದಿಯೂ’, ‘ಕಂಡೂ’, ‘ಗೊತ್ತಿದ್ದೂ’ ಎಂದು ನಾವು ದಿನಕ್ಕೆ ಹತ್ತು ಬಾರಿ ಆಡುತ್ತೇವೆ. ಅದರ ಶಕ್ತಿಯನ್ನು ಗಮನಿಸುವುದೇ ಇಲ್ಲ.

ಇಂಗ್ಲಿಷಿನಲ್ಲಿ ಈ ‘ಊ’ಕಾರದ ಕೆಲಸಕ್ಕೆ ಬೇರೆ ಪದವನ್ನೇ ಕರೆತರಬೇಕಾಗುತ್ತದೆ. ‘ದೋ’, ‘ಆಲ್ದೋ’, ‘ವೈಲ್’ ಎಂಬವು ಪಾರ್ಟಿಸಿಪಲ್ಲಿನ ಮುಂದೆ ನಿಲ್ಲುವ ಕಾವಲುಗಾರರು. ‘ದೋ ನೋಯಿಂಗ್ ದಿ ಆನ್ಸರ್, ಹೀ ಕೆಪ್ಟ್ ಸೈಲೆಂಟ್’ ಎಂದರೆ, ಉತ್ತರ ಗೊತ್ತಿದ್ದೂ ಆತ ಸುಮ್ಮನಿದ್ದ. ಒಮ್ಮೆ ‘ದೋ’ ಎಂದ ಮೇಲೆ ಮುಖ್ಯವಾಕ್ಯದ ಆರಂಭದಲ್ಲಿ ‘ಬಟ್’ ಸೇರಿಸುವುದು ತಪ್ಪು. ಒಂದು ಬಾಗಿಲಿಗೆ ಎರಡು ಅಗುಳಿ ಹಾಕಿದಂತೆ. ಬೇಕಿದ್ದರೆ ‘ಯೆಟ್’ ಎನ್ನಬಹುದು. ‘ದೋ ಬೀಯಿಂಗ್ ಪೂರ್’ ಎನ್ನುವುದಕ್ಕಿಂತ ‘ದೋ ಪೂರ್’ ಎಂದಷ್ಟೇ ಹೇಳುವುದು ಆ ಭಾಷೆಯ ಜಾಯಮಾನಕ್ಕೆ ಒಪ್ಪುತ್ತದೆ.

‘ವೈಲ್’ ಎಂಬುದು ಸ್ವಲ್ಪ ಜಾಣ ಪದ. ಅದಕ್ಕೆ ಎರಡು ಮುಖ. ‘ವೈಲ್ ಟೀಚಿಂಗ್ ಇಂಗ್ಲಿಷ್, ಹೀ ರೋಟ್ ಇನ್ ಕನ್ನಡ’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಇದು ಕಾಲವನ್ನು ಹೇಳುತ್ತದೆಯೋ ವಿರೋಧವನ್ನೋ? ಇಂಗ್ಲಿಷ್ ಕಲಿಸುತ್ತ ಕನ್ನಡದಲ್ಲಿ ಬರೆದರೋ, ಕಲಿಸಿಯೂ ಬರೆದರೋ? ಬಿ.ಎಂ. ಶ್ರೀಕಂಠಯ್ಯ, ವಿ.ಕೃ. ಗೋಕಾಕ, ಗೋಪಾಲಕೃಷ್ಣ ಅಡಿಗ, ಯು.ಆರ್. ಅನಂತಮೂರ್ತಿ, ಎಲ್ಲರೂ ಇಂಗ್ಲಿಷ್ ಅಧ್ಯಾಪಕರೇ. ಅವರ ಬದುಕಿನಲ್ಲಿ ಈ ಎರಡು ಭಾಷೆಗಳು ಒಂದನ್ನೊಂದು ಪೋಷಿಸಿದುವೆಂದು ನಂಬುವವರು ‘ಕಲಿಸುತ್ತ’ ಎನ್ನುತ್ತಾರೆ. ಇಂಗ್ಲಿಷ್ ಕಲಿತವನು ಕನ್ನಡಕ್ಕೆ ಬೆನ್ನು ತಿರುಗಿಸುವುದೇ ಸಹಜವೆಂದು ತಿಳಿದವರು ‘ಕಲಿಸಿಯೂ’ ಎನ್ನುತ್ತಾರೆ. ಸಂಗತಿ ಒಂದೇ, ಅದನ್ನು ಕಾಣುವ ಮನಸ್ಸು ಬೇರೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಕೊನೆಯಲ್ಲಿ ಇದಕ್ಕೇ ಹಿಂದಿರುಗುತ್ತೇನೆ.

ಅದಕ್ಕೆ ಮುನ್ನ, ಕನ್ನಡಿಗರು ಇಂಗ್ಲಿಷ್ ಬರೆಯುವಾಗ ಎಡವುವ ಒಂದು ಜಾಗವನ್ನು ಹೇಳಬೇಕು. ‘ಮಳೆ ಬಂದು ಕೆರೆ ತುಂಬಿತು’ ಎನ್ನುತ್ತೇವೆ. ಬಂದದ್ದು ಮಳೆ, ತುಂಬಿದ್ದು ಕೆರೆ, ಕರ್ತೃಗಳು ಎರಡು. ಆದರೂ ಕನ್ನಡದ ಕಿವಿಗೆ ಏನೂ ಚುಚ್ಚುವುದಿಲ್ಲ. ‘ರಾತ್ರಿಯಿಡೀ ಮಳೆ ಬಂದೂ ಕೆರೆ ತುಂಬಲಿಲ್ಲ’ ಎಂದರೂ ಸರಿಯೇ. ಇದನ್ನು ಹಾಗೆಯೇ ಇಂಗ್ಲಿಷಿಗೆ ಹೊತ್ತುಕೊಂಡು ಹೋಗಿ ‘ಹ್ಯಾವಿಂಗ್ ರೇನ್ಡ್ ಆಲ್ ನೈಟ್, ದಿ ಟ್ಯಾಂಕ್ ಡಿಡ್ ನಾಟ್ ಫಿಲ್’ ಎಂದರೆ, ರಾತ್ರಿಯಿಡೀ ಕೆರೆಯೇ ಮಳೆ ಸುರಿಸಿತು ಎಂದಾಗುತ್ತದೆ! ಅಲ್ಲಿ ಪಾರ್ಟಿಸಿಪಲ್ಲಿನ ಕರ್ತೃವೂ ಮುಖ್ಯ ಕ್ರಿಯೆಯ ಕರ್ತೃವೂ ಒಬ್ಬನೇ ಆಗಿರಬೇಕು. ಬೇರೆಯಾದರೆ ಆ ರಚನೆಯನ್ನು ಬಿಟ್ಟು, ‘ದೋ ಇಟ್ ರೇನ್ಡ್ ಆಲ್ ನೈಟ್’ ಎಂದು ಕರ್ತೃಪದ ಸಹಿತವಾಗಿ ಹೇಳುವುದು ಸುರಕ್ಷಿತ. 1926ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಪ್ರಯೋಗಕೋಶದಲ್ಲಿ ಫೌಲರ್ ಮಹಾಶಯ ಹೀಗೆ ಆಸರೆ ತಪ್ಪಿದ ಪಾರ್ಟಿಸಿಪಲ್ಲುಗಳ ಬಗ್ಗೆ ಎಚ್ಚರಿಸಿದ್ದಾನೆ. ‘ಕನ್ಸಿಡರಿಂಗ್’ನಂಥ ಕೆಲವು ಮಾತ್ರ ಬಳಕೆಯ ಬಲದಿಂದ ಈ ಕಟ್ಟಳೆಯನ್ನು ಮೀರಿವೆ.

ಈ ಕಟ್ಟಳೆ ನಮಗೆ ತೀರ ಅಪರಿಚಿತವೇನೂ ಅಲ್ಲ. ಸಂಸ್ಕೃತದ ‘ಕ್ತ್ವಾ’ ಪ್ರತ್ಯಯವನ್ನು ವಿಧಿಸುವಾಗ ಪಾಣಿನಿ, ಎರಡು ಕ್ರಿಯೆಗಳಿಗೂ ಕರ್ತೃ ಸಮಾನನಾಗಿರಬೇಕು, ಮೊದಲು ನಡೆದ ಕ್ರಿಯೆಗೆ ಆ ಪ್ರತ್ಯಯ ಬರಬೇಕು ಎಂದು ಸ್ಪಷ್ಟವಾಗಿ ಹೇಳಿದ್ದಾನೆ. ‘ಉಂಡು ಹೋದನು’ ಎಂದರೆ ಉಂಡವನೇ ಹೋದವನು. ಪಾಣಿನಿಯನ್ನು ಓದಿದವನಿಗೆ ಇಂಗ್ಲಿಷಿನ ಈ ಕಟ್ಟಳೆ ಹಳೆಯ ನೆಂಟನಂತೆ ಕಾಣುತ್ತದೆ. ಕಟ್ಟಳೆಯನ್ನು ಸಡಿಲಗೊಳಿಸಿ ಮಳೆಗೂ ಕೆರೆಗೂ ನಂಟು ಬೆಳೆಸಿದ್ದು ಕನ್ನಡದ ಔದಾರ್ಯ.

ಇನ್ನು ಹುಡುಗನ ಪ್ರಶ್ನೆ. ‘ಆದರೂ’ ಎಂಬ ಮಾತನ್ನು ಬಳಸಿದಾಗಲೆಲ್ಲ ನಾವು ಎರಡು ಸಂಗತಿಗಳನ್ನು ಹೇಳಿ, ಮೂರನೆಯದೊಂದನ್ನು ಹೇಳದೆಯೇ ಒಪ್ಪಿಸುತ್ತೇವೆ. ‘ದೋ ಬ್ಲೈಂಡ್, ಮಿಲ್ಟನ್ ಕಂಪೋಸ್ಡ್ ಎ ಗ್ರೇಟ್ ಎಪಿಕ್’ ಎಂದಾಗ, ಕಣ್ಣಿಲ್ಲದವನಿಗೆ ಮಹಾಕಾವ್ಯ ರಚನೆ ಕಷ್ಟ ಎಂಬುದು ಆ ಮೂರನೆಯ ಸಂಗತಿ. ಅದು ನಿಜ. 1652ರ ವೇಳೆಗೆ ಪೂರ್ತಿ ಕುರುಡನಾಗಿದ್ದ ಕವಿ, 1667ರಲ್ಲಿ ಅಚ್ಚಾದ ‘ಪ್ಯಾರಡೈಸ್ ಲಾಸ್ಟ್’ ಕಾವ್ಯವನ್ನು ಅನ್ಯರ ಕೈಯಿಂದ ಬರೆಸಬೇಕಾಯಿತು. ಅಲ್ಲಿ ‘ದೋ’ ತನ್ನ ಕೂಲಿಯನ್ನು ದುಡಿದುಕೊಂಡಿದೆ. ಆದರೆ ‘ಬಡವನಾದರೂ ಪ್ರಾಮಾಣಿಕ’ ಎಂದಾಗ ಹೇಳದೆ ಒಪ್ಪಿಸಿದ ಮೂರನೆಯ ಸಂಗತಿ ಯಾವುದು? ಬಡವರು ಸಾಮಾನ್ಯವಾಗಿ ಪ್ರಾಮಾಣಿಕರಲ್ಲ ಎಂಬುದು. ಅದನ್ನು ನೇರವಾಗಿ ಬರೆ ಎಂದಿದ್ದರೆ ನನ್ನ ಕೈ ಏಳುತ್ತಿರಲಿಲ್ಲ. ಪದಪುಂಜದ ಮರೆಯಲ್ಲಿ ಮಾತ್ರ ಸಲೀಸಾಗಿ ಬರೆದೆ. ಹುಡುಗನನ್ನು ಹೊಗಳುವ ಭರದಲ್ಲಿ ಅವನ ತಂದೆಯನ್ನು ನಿಂದಿಸಿದ್ದೆ.

ನಾನು ಆ ಪತ್ರವನ್ನು ಹರಿದುಹಾಕಿ ಹೊಸದನ್ನು ಬರೆದೆ. ಅದರಲ್ಲಿ ಪಾರ್ಟಿಸಿಪಲ್ಲಿನ ಬೆಡಗು ಇರಲಿಲ್ಲ. ಈತ ಕೂಲಿಕಾರರ ಮಗ, ಎಂದು ಒಂದು ವಾಕ್ಯ. ಈತ ಪ್ರಾಮಾಣಿಕ, ಎಂದು ಇನ್ನೊಂದು. ನಡುವೆ ಒಂದು ಪೂರ್ಣವಿರಾಮ. ಹುಡುಗ ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡು, “ಬರ್ತೀನಿ ಸಾರ್” ಎಂದು ಹೊರಟ. ಕಾಲೇಜಿನಲ್ಲಿ ಅವನಿಗೆ ನಾನು ಮೂರು ವರ್ಷ ಪಾಠ ಹೇಳಿದ್ದೆ. ಅಂದು ಸಂಜೆ ಅವನು ನನಗೆ ಹೇಳಿದ.

ವಿದ್ಯಾರ್ಥಿಗಳು ಇಂಗ್ಲಿಷಿನ ಈ ರಚನೆಯನ್ನು ಅಗತ್ಯವಾಗಿ ಕಲಿಯಲಿ. ಕರ್ತೃ ಒಬ್ಬನೇ ಎಂಬುದನ್ನು ನೋಡಿಕೊಳ್ಳಲಿ, ‘ದೋ’ಗೆ ‘ಬಟ್’ ಜೋಡಿಸದಿರಲಿ. ಇವೆಲ್ಲ ಅಭ್ಯಾಸದಿಂದ ಬರುತ್ತವೆ. ಆದರೆ ‘ದೋ’ ಎಂದು ಬರೆಯುವಾಗ, ಕನ್ನಡದಲ್ಲಿ ‘ಇದ್ದು’ ಎಂಬುದನ್ನು ‘ಇದ್ದೂ’ ಎಂದು ಎಳೆಯುವಾಗ, ಲೇಖನಿಯನ್ನು ಒಂದು ಕ್ಷಣ ತಡೆದು, ಈ ಎರಡು ಸಂಗತಿಗಳಿಗೆ ನಿಜವಾಗಿ ವಿರೋಧವಿದೆಯೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಆ ಒಂದು ಮಾತ್ರೆಯ ಕಾಲ ಅದಕ್ಕೆ ಸಾಕು.