ಕಿವಿಯಿಂದ ಓದುವವರ ಗಣಕಯಂತ್ರ



ಗಣಕಯಂತ್ರ ಕೊಳ್ಳಲು ಹೊಸಪೇಟೆಯ ಅಂಗಡಿಗೆ ಹೋದರೆ ನಮ್ಮ ಕಣ್ಣು ಮೊದಲು ಹೋಗುವುದು ಪರದೆಯ ಕಡೆಗೆ. ದೃಷ್ಟಿಯಿಲ್ಲದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಬೇರೆ: ಇದು ನನಗೆ ಓದಿ ಹೇಳುತ್ತದೆಯೇ? ಕನ್ನಡವನ್ನೂ ಓದುತ್ತದೆಯೇ?

ಗಣಕವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ವಿಂಡೋಸ್, ಲಿನಕ್ಸ್, ಮ್ಯಾಕ್ ಇವುಗಳಲ್ಲಿ ಮುಖ್ಯವಾದವು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶವೇ ಸ್ಕ್ರೀನ್ ರೀಡರ್. ಅಂಧರು ಮೌಸ್ ಬಿಟ್ಟು ಕೀಲಿಮಣೆಯಿಂದಲೇ ಕೆಲಸ ಮಾಡುತ್ತಾರೆ. ಆದ್ದರಿಂದ ಅವರು ಸ್ಕ್ರೀನ್ ರೀಡರನ್ನು ನೋಡಿಯೇ ಆಪರೇಟಿಂಗ್ ಸಿಸ್ಟಂ ಆರಿಸಬೇಕು.

ವಿಂಡೋಸ್‌ಗೆ 1995ರಲ್ಲಿ ಬಂದ ಜಾಸ್ ಹೆಸರುವಾಸಿ. ಆದರೆ ಅದನ್ನು ಹಣ ಕೊಟ್ಟು ಕೊಳ್ಳಬೇಕು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಎನ್‌ವಿಡಿಎ ತಂತ್ರಾಂಶವನ್ನು ಆರಂಭಿಸಿದರು. ಅವರೂ ಅಂಧರೇ. ಅದು ಉಚಿತ. ಪೆನ್ ಡ್ರೈವಿನಲ್ಲಿ ಹಾಕಿಕೊಂಡರೆ ಕಂಪ್ಲಿಯಲ್ಲಾಗಲಿ ಸಂಡೂರಿನಲ್ಲಾಗಲಿ, ಅನುಮತಿ ಪಡೆದು, ಬೇರೆಯವರ ವಿಂಡೋಸ್ ಗಣಕದಲ್ಲೂ ನಡೆಸಬಹುದು.

ಲಿನಕ್ಸ್‌ನಲ್ಲಿ ಆಪರೇಟಿಂಗ್ ಸಿಸ್ಟಂ, ಅದರ ಓರ್ಕಾ ಸ್ಕ್ರೀನ್ ರೀಡರ್ ಎರಡೂ ಉಚಿತವಾಗಿ ಸಿಗುತ್ತವೆ. ಆದರೆ ವಿಂಡೋಸ್‌ಗೆಂದು ಮಾಡಿದ ಕೆಲವು ತಂತ್ರಾಂಶಗಳು ಅದರಲ್ಲಿ ನಡೆಯವು. ಮ್ಯಾಕ್‌ನಲ್ಲಿ 2005ರಿಂದ ವಾಯ್ಸ್‌ಓವರ್ ಒಳಗೇ ಇದೆ. ಯಂತ್ರದ ಬೆಲೆ ಮಾತ್ರ ಹೆಚ್ಚು.

ಕಾಲೇಜು, ಕಚೇರಿಗಳ ಗಣಕಗಳಲ್ಲೂ ಕೆಲಸ ಮಾಡಬೇಕಾದವರಿಗೆ ವಿಂಡೋಸ್ ಜೊತೆ ಎನ್‌ವಿಡಿಎ ಅನುಕೂಲ. ಖರ್ಚು ಕಡಿಮೆಯಾಗಬೇಕು, ಹೇಳಿಕೊಡುವವರೂ ಹತ್ತಿರದಲ್ಲಿದ್ದಾರೆ ಎನ್ನುವವರಿಗೆ ಲಿನಕ್ಸ್ ಒಳ್ಳೆಯದು. ಯಾವುದೇ ಆಗಲಿ, ಕೊಳ್ಳುವ ಮೊದಲು ಬಳಸಿ ನೋಡಬೇಕು.

ಇನ್ನು ಕನ್ನಡದ ಮಾತು. ಎನ್‌ವಿಡಿಎಯೊಂದಿಗೆ ಬರುವ ಈಸ್ಪೀಕ್ ಎಂಬ ಧ್ವನಿ ತಂತ್ರಾಂಶ ಕನ್ನಡ ಓದಬಲ್ಲದು. ಓರ್ಕಾಗೂ ಅದನ್ನು ಜೋಡಿಸಬಹುದು. ಅದರದು ಯಂತ್ರದ ದನಿ. ಕಿವಿಗೆ ರೂಢಿಯಾಗಲು ಕೆಲವು ದಿನ ಬೇಕು. ಆದರೆ ದೊಡ್ಡ ತೊಡಕು ಬೇರೆಯೇ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಓದುವ ಅಂಧ ವಿದ್ಯಾರ್ಥಿನಿಯೊಬ್ಬಳಿಗೆ ಶಾಸನವೊಂದರ ಟಿಪ್ಪಣಿ ಸಿಕ್ಕಿತೆನ್ನಿ. ಅದು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿದ್ದರೆ ಕಣ್ಣಿಗೆ ಕನ್ನಡವೇ ಕಾಣುತ್ತದೆ. ಗಣಕದೊಳಗೆ ಮಾತ್ರ ‘ಕ’ಕಾರದ ಜಾಗದಲ್ಲಿ ಇಂಗ್ಲಿಷಿನ ‘ಪಿ’, ‘ನ’ಕಾರದ ಜಾಗದಲ್ಲಿ ಪೌಂಡ್ ನಾಣ್ಯದ ಗುರುತು ಇರುತ್ತದೆ. ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ; ಅರ್ಥವಾಗುವುದಿಲ್ಲ. ಯಾವ ಆಪರೇಟಿಂಗ್ ಸಿಸ್ಟಂ ಆರಿಸಿದರೂ ಈ ತೊಂದರೆ ತಪ್ಪದು. ಪುಟದ ಫೋಟೋ ಕಳುಹಿಸಿದರೆ, ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶವಿಲ್ಲದೆ ಅದನ್ನು ಓದಿಸಲಾಗದು.

ಇದಕ್ಕೆ ಪರಿಹಾರ ಯೂನಿಕೋಡ್. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಆರಂಭವಾದದ್ದೂ ಅದೇ ವರ್ಷ. ನುಡಿ, ಬರಹಗಳಲ್ಲೂ ಈಗ ಯೂನಿಕೋಡ್ ಸೌಲಭ್ಯವಿದೆ.

ದೃಷ್ಟಿಯುಳ್ಳ ವಿದ್ಯಾರ್ಥಿಗಳೇ, ನಿಮ್ಮಲ್ಲೊಂದು ವಿನಂತಿ. ಟಿಪ್ಪಣಿಗಳನ್ನು ಯೂನಿಕೋಡಿನಲ್ಲೇ ಬೆರಳಚ್ಚು ಮಾಡಿ ಹಂಚಿಕೊಳ್ಳಿ. ಹಳೆಯ ಫಾಂಟಿನಲ್ಲಿರುವುದನ್ನು ಪರಿವರ್ತಕ ತಂತ್ರಾಂಶದಿಂದ ಬದಲಿಸಿ, ತಪ್ಪು ತಿದ್ದಿಕೊಡಿ. ಆಗ ನಿಮ್ಮ ಸಹಪಾಠಿ ಪರೀಕ್ಷೆಯ ಹಿಂದಿನ ದಿನ ಓದಿ ಹೇಳುವವರಿಗಾಗಿ ಕಾಯಬೇಕಾಗಿಲ್ಲ, ತಾನೇ ಓದಿಕೊಳ್ಳಬಹುದು.