ಪೃಚ್ಛಕರ ನಡುವೆ ಕುಳಿತ ಮನಸ್ಸು



ಕಲ್ಪನೆಯನ್ನೂ ಏಕಾಗ್ರತೆಯನ್ನೂ ನಮ್ಮ ಬೆಳವಣಿಗೆಗೆ ದುಡಿಸಿಕೊಳ್ಳುವುದು ಹೇಗೆ ಎಂಬುದು ಇಂದಿನ ವಿಷಯ. ವ್ಯಕ್ತಿತ್ವ ವಿಕಸನದ ಪುಸ್ತಕಗಳು ಇದಕ್ಕೆ ಎರಡು ಸಿದ್ಧ ಉತ್ತರ ಕೊಡುತ್ತವೆ. ಬೇಕಾದ್ದು ಕೈಗೂಡಿದಂತೆ ಕಣ್ಮುಚ್ಚಿ ಕಲ್ಪಿಸಿಕೊಳ್ಳಿ ಎಂಬುದು ಒಂದು. ಅಡ್ಡಿಗಳನ್ನೆಲ್ಲ ದೂರವಿಟ್ಟು ಮನಸ್ಸನ್ನು ಒಂದೇ ಕಡೆ ನಿಲ್ಲಿಸಿ ಎಂಬುದು ಇನ್ನೊಂದು. ಎರಡೂ ಅರ್ಧ ನಿಜ ಎಂಬುದು ನನ್ನ ವಾದ. ಅಡ್ಡಿಯನ್ನು ಹೊರಗಿಟ್ಟರೆ ಕಲ್ಪನೆ ಸೋಮಾರಿಯಾಗುತ್ತದೆ, ಏಕಾಗ್ರತೆಗೆ ಪರೀಕ್ಷೆಯೇ ನಡೆಯುವುದಿಲ್ಲ. ಈ ಮಾತಿಗೆ ಸಾಕ್ಷಿಯಾಗಿ ಅಷ್ಟಾವಧಾನವನ್ನು ನಿಮ್ಮ ಮುಂದಿಡುತ್ತೇನೆ.

ಅವಧಾನ ನೋಡದವರಿಗಾಗಿ ಎರಡು ಮಾತು. ವೇದಿಕೆಯ ಮೇಲೆ ಅವಧಾನಿ, ಸುತ್ತ ಪ್ರಶ್ನೆ ಒಡ್ಡುವ ಎಂಟು ಮಂದಿ ಪೃಚ್ಛಕರು. ಒಬ್ಬೊಬ್ಬರದು ಒಂದೊಂದು ಪಟ್ಟು: ನಿಷೇಧಾಕ್ಷರಿ, ಸಮಸ್ಯಾಪೂರಣ, ದತ್ತಪದಿ, ಚಿತ್ರಕವಿತೆ, ಆಶುಕವಿತೆ, ಕಾವ್ಯವಾಚನ, ಸಂಖ್ಯಾಬಂಧ, ಅಪ್ರಸ್ತುತ ಪ್ರಸಂಗ. ಅವಧಾನಿಯ ಕೈಯಲ್ಲಿ ಕಾಗದವಿಲ್ಲ, ಲೇಖನಿಯಿಲ್ಲ. ಸಾಮಾನ್ಯವಾಗಿ ನಾಲ್ಕು ಸುತ್ತು; ಸುತ್ತಿಗೆ ಒಂದರಂತೆ ಪದ್ಯಗಳ ಪಾದಗಳು ಬೆಳೆಯುತ್ತವೆ. ಕೊನೆಗೆ ಬಿಡಿಬಿಡಿಯಾಗಿ ಹುಟ್ಟಿದ ಪದ್ಯಗಳನ್ನೆಲ್ಲ ಇಡಿಯಾಗಿ ಒಪ್ಪಿಸಬೇಕು. ಅದು ಧಾರಣೆ.

ಕಳೆದ ಶತಮಾನದ ಪೂರ್ವಾರ್ಧದಲ್ಲಿ ಕನ್ನಡ ರಂಗಭೂಮಿಗೆ ನಾಟಕಗಳನ್ನು ಬರೆದುಕೊಟ್ಟ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಅವಧಾನಿಗಳೂ ಆಗಿದ್ದರು. ತೆಲುಗಿನಲ್ಲಿ ತಿರುಪತಿ ವೆಂಕಟ ಕವಿಗಳೆಂಬ ಜೋಡಿ ಊರೂರು ತಿರುಗಿ ಈ ಕಲೆಯನ್ನು ಜನರ ನಾಲಿಗೆಗೆ ತಂದಿತು. ನಮ್ಮಲ್ಲಿ ನಡುವೆ ಬತ್ತಿದ್ದ ಧಾರೆಯನ್ನು ಮತ್ತೆ ಹರಿಸಿದವರು ಕೋಲಾರದಲ್ಲಿ ಹುಟ್ಟಿದ, ಓದಿನಿಂದ ಎಂಜಿನಿಯರ್ ಆದ ಶತಾವಧಾನಿ ಆರ್. ಗಣೇಶ್. 2012ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಅವರು ಮೂರು ದಿನ, ಸಂಪೂರ್ಣವಾಗಿ ಕನ್ನಡದಲ್ಲೇ, ನೂರು ಪೃಚ್ಛಕರ ಶತಾವಧಾನ ನಡೆಸಿದರು. ಇತಿಹಾಸ ಇಷ್ಟು ಸಾಕು. ನನಗೆ ಬೇಕಾದ್ದು ಆ ಕುಳಿತ ಮನಸ್ಸಿನೊಳಗೆ ನಡೆಯುವ ಕೆಲಸ.

ನಿಷೇಧಾಕ್ಷರಿಯನ್ನೇ ತೆಗೆದುಕೊಳ್ಳಿ. ಕವಿ ಒಂದಕ್ಷರ ಹೇಳುತ್ತಾನೆ. ಮುಂದೆ ಯಾವ ಅಕ್ಷರ ಬರಬಹುದೆಂದು ಊಹಿಸಿ ಪೃಚ್ಛಕ ಅದನ್ನೇ ತಡೆಯುತ್ತಾನೆ. ಒಂದು ಉದಾಹರಣೆಯನ್ನು ನಾವೇ ಕಟ್ಟಿಕೊಳ್ಳೋಣ. ವಿಷಯ ಚಂದ್ರ, ಛಂದಸ್ಸು ಕಂದ. ಕವಿ ‘ಚಂ’ ಎಂದ. ಪೃಚ್ಛಕರಿಗೆ ಅನುಮಾನವೇ ಇಲ್ಲ: ‘ದ’ ನಿಷೇಧ. ಚಂದ್ರನೂ ಹೋದ, ಚಂದಿರನೂ ಹೋದ, ಚಂದವೂ ಹೋಯಿತು. ಕವಿ ‘ಚ’ ಎಂದ. ಓಹೋ, ಚಂಚಲ ಬರುತ್ತದೆ ಎಂದು ಪೃಚ್ಛಕರು ‘ಲ’ವನ್ನು ತಡೆದರು. ಕವಿ ‘ತ್ಕಿ’ ಎಂದ. ‘ಚಂಚತ್ಕಿರಣಂ’, ಅಂದರೆ ಮಿನುಗಿ ಅಲುಗುವ ಕಿರಣದವನು. ಇಲ್ಲಿ ‘ರ’ವನ್ನೂ ತಡೆಯುವಷ್ಟು ಚುರುಕಾದ ಪೃಚ್ಛಕರಿರುತ್ತಾರೆ, ನಮ್ಮವರು ಸ್ವಲ್ಪ ಉದಾರಿ ಎಂದುಕೊಳ್ಳೋಣ. ಗಣ ಎಣಿಸಿ ನೋಡಿ: ‘ಚಂಚತ್’ ನಾಲ್ಕು ಮಾತ್ರೆ, ‘ಕಿರಣಂ’ ನಾಲ್ಕು ಮಾತ್ರೆ. ಕಂದದ ಮೊದಲ ಎರಡು ಗಣ ಕೂತವು.

ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಕಂದಕ್ಕೆ ಆದಿಪ್ರಾಸ ಬೇಕು, ನಾಲ್ಕೂ ಪಾದಗಳ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು. ತಡೆಯಿಲ್ಲದೆ ‘ಚಂದ್ರ’ ಎಂದೇ ಹೊರಟಿದ್ದರೆ ಪ್ರಾಸಕ್ಕೆ ಸಿಗುತ್ತಿದ್ದದ್ದು ಇಂದ್ರ, ಸಾಂದ್ರ, ಮಂದ್ರ. ಎಲ್ಲವೂ ಸವೆದ ಹಾದಿ. ಯಾವ ಕವಿಯಾದರೂ ನಿದ್ದೆಗಣ್ಣಿನಲ್ಲಿ ನಡೆದುಬಿಡಬಲ್ಲ. ಈಗ ‘ದ’ಕಾರದ ತಡೆಯಿಂದಾಗಿ ಪ್ರಾಸ ‘ಂಚ’ಕ್ಕೆ ತಿರುಗಿತು. ಅಂಚು, ಮಿಂಚು, ಹೊಂಚು, ಕೊಂಚ ಒದಗಿ ಬರುತ್ತವೆ. ಬಾನಿನ ಅಂಚಿಗೆ ಚಂದ್ರ ಬರಬೇಕು, ಮೋಡ ಹೊಂಚು ಹಾಕಬೇಕು, ಬೆಳಕು ಕೊಂಚವೇ ಇಣುಕಬೇಕು. ಒಂದು ನಿಮಿಷದ ಹಿಂದೆ ಕವಿಯ ಮನಸ್ಸಿನಲ್ಲಿ ಹೊಂಚು ಹಾಕುವ ಮೋಡ ಇರಲಿಲ್ಲ. ಅದನ್ನು ಅಲ್ಲಿಗೆ ಕರೆತಂದದ್ದು ಪೃಚ್ಛಕರ ‘ದ’ ನಿಷೇಧ.

ಕಲ್ಪನೆಯನ್ನು ಕಟ್ಟುವ ಕೆಲಸಕ್ಕೆ ಹಚ್ಚುವುದೆಂದರೆ ನನ್ನ ಮಟ್ಟಿಗೆ ಇದೇ: ಗುರಿಯ ಜೊತೆಗೆ ತಡೆಯನ್ನೂ ಮನಸ್ಸಿನೊಳಗೆ ಬಿಟ್ಟುಕೊಳ್ಳುವುದು. ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಓಟಿಂಗೆನ್ ದಶಕಗಳ ಕಾಲ ಇದನ್ನೇ ಬೇರೆ ದಾರಿಯಿಂದ ಪರೀಕ್ಷಿಸಿದವರು. ಪದವಿ ಮುಗಿಸುತ್ತಿದ್ದ ವಿದ್ಯಾರ್ಥಿಗಳ ಬಗ್ಗೆ ಅವರ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನ ನೆನೆಯುವಂಥದ್ದು. ಎರಡು ವರ್ಷದ ಬಳಿಕ ನೋಡಿದರೆ, ಒಳ್ಳೆಯ ಕೆಲಸ ಸಿಕ್ಕಂತೆ ಸವಿಗನಸು ಹೆಚ್ಚು ಕಂಡವರು ಹಾಕಿದ ಅರ್ಜಿ ಕಡಿಮೆ, ಅವರಿಗೆ ಬಂದ ಕೆಲಸದ ಆಹ್ವಾನ ಕಡಿಮೆ, ಸಂಬಳವೂ ಕಡಿಮೆ. ಮನಸ್ಸಿನಲ್ಲಿ ಕೆಲಸ ಆಗಲೇ ಸಿಕ್ಕಿಬಿಟ್ಟಿತ್ತಲ್ಲ, ಅರ್ಜಿ ಯಾಕೆ ಬರೆಯಬೇಕು? ಗುರಿಯನ್ನು ಕಲ್ಪಿಸಿದ ಬೆನ್ನಿಗೇ ಅದಕ್ಕೆ ಅಡ್ಡ ನಿಂತಿರುವುದನ್ನೂ ಕಲ್ಪಿಸಿಕೊಳ್ಳಿ ಎಂಬುದು ಅವರು ಸೂಚಿಸುವ ಕ್ರಮ. ನಿಷೇಧಾಕ್ಷರಿಯ ಅವಧಾನಿಗೆ ಈ ಸಲಹೆ ಬೇಕಿಲ್ಲ. ಅವನ ಅಡ್ಡಿ ಶಾಲು ಹೊದ್ದು ಎದುರಿಗೇ ಕೂತಿರುತ್ತದೆ.

ದತ್ತಪದಿಯಲ್ಲಿ ಇದೇ ಆಟ ತಮಾಷೆಯ ರೂಪ ತಾಳುತ್ತದೆ. ಪೂರಿ, ವಡೆಯಂಥ ಪದಗಳನ್ನು ಕೊಟ್ಟು ಸೀತೆಯ ದುಃಖವನ್ನು ವರ್ಣಿಸಿ ಎನ್ನಬಹುದು. ಬಲ್ಲವನಿಗೆ ‘ಪೂರಿತ’ದೊಳಗೆ ಪೂರಿ ಇದೆ, ಹಳಗನ್ನಡದ ‘ನುಡಿವಡೆ’ಯೊಳಗೆ ವಡೆ ಇದೆ. ಭಾಷೆಯ ದಾಸ್ತಾನು ದೊಡ್ಡದಿದ್ದರೆ ಮಾತ್ರ ಈ ಚಮತ್ಕಾರ. ಬರಿಗೈ ಕಲ್ಪನೆಗೆ ಪೂರಿ ಬರೀ ಪೂರಿಯೇ.

ಈಗ ಏಕಾಗ್ರತೆಗೆ ಬರೋಣ. ಎಂಟು ಪೃಚ್ಛಕರಲ್ಲಿ ನನಗೆ ಅತ್ಯಂತ ಮುಖ್ಯನಾಗಿ ಕಾಣುವವನು ಅಪ್ರಸ್ತುತ ಪ್ರಸಂಗಿ. ಅವಧಾನಿ ಪದ್ಯದ ನಡುವೆ ಮುಳುಗಿರುವಾಗ ಬಾಯಿ ಹಾಕಿ ಎಲ್ಲಿಯದೋ ಪ್ರಶ್ನೆ ಎಸೆದು ಗಮನ ಕೆಡಿಸುವುದೇ ಅವನ ಅಧಿಕೃತ ಕೆಲಸ. ಅವನನ್ನು ಕಡೆಗಣಿಸುವಂತಿಲ್ಲ, ರೇಗುವಂತಿಲ್ಲ. ಸಭೆ ನಗುವಂಥ ಉತ್ತರ ಕೊಟ್ಟು ಬಿಟ್ಟ ಅಕ್ಷರಕ್ಕೇ ಮರಳಬೇಕು. ಈ ಕಲೆಯನ್ನು ರೂಪಿಸಿದವರು ಗಮನ ಕೆಡುವುದನ್ನು ನಿಯಮದೊಳಗೇ ಸೇರಿಸಿಬಿಟ್ಟಿದ್ದಾರೆ. ಮೊಬೈಲ್ ಇಲ್ಲದ ಗುಹೆಯಲ್ಲಿ ಕೂತರೆ ಮಾತ್ರ ಓದಬಲ್ಲೆ ಎನ್ನುವ ನಮ್ಮ ಹುಡುಗರಿಗೆ ಇದನ್ನು ತೋರಿಸಬೇಕು. ಗಮನ ಚದುರದಂತೆ ಕಾಯುವುದಕ್ಕಿಂತ ಚದುರಿದ ಮೇಲೆ ಬೇಗ ಮರಳುವುದು ಹೆಚ್ಚು ಉಪಯೋಗದ ವಿದ್ಯೆ.

ಮರಳುವುದಕ್ಕೆ ಗುರುತು ಬೇಕು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈಹಾಕಿದವರ ಮನಸ್ಸಿನ ಒಂದಂಶ ಹಿಂದಿನದರಲ್ಲೇ ಉಳಿದು, ಹೊಸ ಕೆಲಸ ಕಳಪೆಯಾಗುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಅವಧಾನದ ಸುತ್ತುಗಳು ಇದನ್ನು ಮೊದಲೇ ಬಲ್ಲವು ಎನಿಸುತ್ತದೆ. ಸಮಸ್ಯಾಪೂರಣದಿಂದ ದತ್ತಪದಿಗೆ ಹೊರಳುವ ಮೊದಲು ಅವಧಾನಿ ಒಂದು ಪಾದ ಪೂರ್ತಿ ಮುಗಿಸುತ್ತಾನೆ. ಪದ್ಯ ಅಪೂರ್ಣ, ಪಾದ ಪೂರ್ಣ. ಮರಳಿ ಬಂದಾಗ ಎಲ್ಲಿಂದ ಶುರು ಎಂಬ ಗೊಂದಲವಿಲ್ಲ. ನಾವೂ ಕಚೇರಿಯ ಕಡತವನ್ನೋ ಮಗ್ಗಿಯ ಪಾಠವನ್ನೋ ಬಿಟ್ಟೇಳುವಾಗ ಒಂದು ಪಾದ ಮುಗಿಸಿ ಏಳುವುದನ್ನು ರೂಢಿ ಮಾಡಿಕೊಳ್ಳಬಹುದು.

ಇದೆಲ್ಲ ದೈವದತ್ತ ಎಂದು ಕೈಮುಗಿದು ಏಳುವವರಿಗೆ ಸಂಖ್ಯಾಬಂಧವನ್ನು ಬಿಚ್ಚಿ ತೋರಿಸುತ್ತೇನೆ. ಇಪ್ಪತ್ತೈದು ಮನೆಗಳ ಚೌಕ; ಅಡ್ಡ, ಉದ್ದ ಹೇಗೆ ಕೂಡಿದರೂ ಮೊತ್ತ 365 ಬರಬೇಕು ಎನ್ನೋಣ. 1ರಿಂದ 25ರವರೆಗಿನ ಅಂಕಿಗಳ ಮಾಯಾಚೌಕದಲ್ಲಿ ಸಾಲಿನ ಮೊತ್ತ 65. ಒಂದೊಂದು ಮನೆಗೂ 60 ಕೂಡಿಸಿದರೆ ಸಾಲಿಗೆ 300 ಏರಿ 365 ಆಗುತ್ತದೆ. ಮೇಲಿನ ಸಾಲು 17, 24, 1, 8, 15 ಇದ್ದದ್ದು 77, 84, 61, 68, 75 ಆಯಿತು. ಮನೆಗೆ ಹೋಗಿ ಕೂಡಿಸಿ ನೋಡಿ. ಮೂಲ ಚೌಕ ಕಂಠಸ್ಥವಿದ್ದರೆ ಪೃಚ್ಛಕ ಯಾವಾಗ ಯಾವ ಮನೆ ಕೇಳಿದರೂ ಭಾರವಾಗದು. ಛಂದಸ್ಸೂ ಹಾಗೆಯೇ. ಸಾವಿರಾರು ಪದ್ಯ ಓದಿದವನಿಗೆ ಕಂದದ ನಡೆ ಎಣಿಸದೆಯೂ ಕಿವಿಗೆ ಗೊತ್ತು. ಎಣಿಕೆಯಿಂದ ಬಿಡುವಾದ ಮನಸ್ಸು ಕಲ್ಪನೆಗೆ ದೊರೆಯುತ್ತದೆ. ಅಂದರೆ ವೇದಿಕೆಯ ಮೇಲಿನ ಆ ಸಂಜೆಯ ಹಿಂದೆ ಯಾರೂ ನೋಡದ ಬಾಯಿಪಾಠದ ವರ್ಷಗಳಿವೆ.

ಅವಧಾನದ ಪದ್ಯವೆಲ್ಲ ದೊಡ್ಡ ಕಾವ್ಯವಲ್ಲ ಎಂಬ ಆಕ್ಷೇಪವುಂಟು, ಒಪ್ಪುತ್ತೇನೆ. ತಿದ್ದಿ ತೀಡಲು ಬಿಡುವಿಲ್ಲದ ಕಡೆ ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಧಾರಣಶಕ್ತಿ ಇದ್ದವರೆಲ್ಲ ಸಜ್ಜನರು, ವಿವೇಕಿಗಳು ಎಂದೂ ನಾನು ಹೇಳುತ್ತಿಲ್ಲ. ಮನಸ್ಸನ್ನು ಪಳಗಿಸಬಹುದು ಎಂಬುದಕ್ಕಷ್ಟೇ ಇದು ಪುರಾವೆ.

ಸಭೆಯಲ್ಲಿ ಕನ್ನಡ ಮೇಷ್ಟ್ರುಗಳು ಬಹಳ ಮಂದಿ ಇದ್ದೀರಿ. ಹೈಸ್ಕೂಲಿನಲ್ಲಿ ಕಂದಪದ್ಯಕ್ಕೆ ಪ್ರಸ್ತಾರ ಹಾಕಿಸಿ, ಗಣ ವಿಭಾಗ ಮಾಡಿಸಿ, ಲಕ್ಷಣ ಬರೆಸಿ ಅಂಕ ಕೊಡುತ್ತೇವೆ. ಹುಡುಗರಿಂದ ಒಂದು ಕಂದ ಬರೆಸುವುದು ತೀರ ಅಪರೂಪ. ಈ ವರ್ಷ ಬರೆಸಿ. ವಿಷಯ ಅವರೇ ಆರಿಸಲಿ, ಕ್ರಿಕೆಟ್ ಆದರೂ ಸರಿ, ಬಸ್ಸಿನ ನೂಕುನುಗ್ಗಲಾದರೂ ಸರಿ. ಒಂದೇ ಒಂದು ಅಕ್ಷರವನ್ನು ಮಾತ್ರ ನೀವು ನಿಷೇಧಿಸಿ.