ಅವ್ವನ ನೆಲೆ



ಮುಂಡರಗಿಯ ಭಕ್ತರೊಬ್ಬರು ನಮ್ಮ ಬಳಿ ಬಂದು, “ಅಜ್ಜಾರ, ಅವ್ವಗ ಮರವು ಹೆಚ್ಚಾಗೇತ್ರಿ. ವೃದ್ಧಾಶ್ರಮದಾಗ ಇಟ್ಟರ ಪಾಪ ಬರ್ತೈತೇನ್ರಿ?” ಎಂದು ಕಣ್ಣೀರಿಟ್ಟರು. ಇರಿಸುವುದು ಪಾಪವಲ್ಲ, ಇರಿಸಿ ಮರೆಯುವುದು ಪಾಪವೆಂದೆವು.

ಗದಗ-ಬೆಟಗೇರಿಯಾಗಲಿ, ಶಿರಹಟ್ಟಿ-ಲಕ್ಷ್ಮೇಶ್ವರವಾಗಲಿ, ವಾರಕ್ಕೊಮ್ಮೆ ಹೋಗಿಬರುವಷ್ಟು ಸಮೀಪದ ಚಿಕ್ಕ ಆಶ್ರಮವನ್ನು ಆರಿಸಿರಿ. ಮುಂಚೆ ತಿಳಿಸದೆ ಊಟದ ಹೊತ್ತಿಗೆ ಹೋಗಿ, ಹಲ್ಲಿಲ್ಲದವರಿಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುವರೇ ನೋಡಿರಿ. ನಡುರಾತ್ರಿ ಕರೆದರೆ ಏಳುವವರಾರು, ಇಷ್ಟಲಿಂಗಪೂಜೆಗೆ ಅನುಕೂಲವುಂಟೇ ಎಂದು ಕೇಳಿರಿ.

ಹಿರಿಯರನ್ನು ತೊರೆದವರಿಗೆ 3 ತಿಂಗಳವರೆಗೆ ಸೆರೆವಾಸ ವಿಧಿಸಬಹುದೆಂದು 2007ರ ಕಾಯಿದೆ ಹೇಳುತ್ತದೆ. ಆದರೆ ಸೆರೆಗಂಜಿ ಮಾಡಿದ ಸೇವೆ ದಾಸೋಹವಾಗದು.

ಆ ಭಕ್ತರು ಈಗ ಪ್ರತಿ ಸೋಮವಾರ ಹೋಗಿ ಅವ್ವನ ತಲೆ ಬಾಚುತ್ತಾರೆ. “ಯಾರಪ್ಪಾ ನೀ?” ಎನ್ನುತ್ತಾಳೆ ತಾಯಿ. “ಯವ್ವಾ, ನಾ ನಿನ್ನ ಮಗ” ಎನ್ನುತ್ತಾರೆ. ತಾಯಿ ಮರೆತಳೆಂದು ಮಗ ಮರೆಯಲಿಲ್ಲ. ಇದೇ ದಾಸೋಹ.

ಶರಣು ಶರಣಾರ್ಥಿ.